ಒಂದೇ ಟೆಸ್ಟಿನ ವೇಗಿ

1949ರ ಫೆಬ್ರುವರಿ. ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸರಣಿಯ ಐದನೆಯ, ಕೊನೆಯ ಟೆಸ್ಟ್. ಅಂದು ಭಾರತದ ಪರ ಮೊದಲ ಬಾರಿಗೆ ಚೆಂಡು ಹಿಡಿದ ವೇಗದ ಬೌಲರ್ ಎಳೆಯ ಹುಡುಗನೇನಲ್ಲ, ವಯಸ್ಸು 37. ಹೆಸರು ಸರೋಬಿಂದು ನಾಥ್ ಬ್ಯಾನರ್ಜಿ. ಕ್ರಿಕೆಟ್ ವಲಯದಲ್ಲಿ ‘ಶೂಟೆ’ ಬ್ಯಾನರ್ಜಿ ಎಂದೇ ಪರಿಚಿತರು. ಮೊದಲ ಇನಿಂಗ್ಸ್‌ನಲ್ಲಿ ಒಂದು ವಿಕೆಟ್, ಎರಡನೆಯದರಲ್ಲಿ 54 ರನ್‌ಗಳಿಗೆ ನಾಲ್ಕು ವಿಕೆಟ್ ಅವರ ಪಾಲಾದವು. ಗೆಲುವಿಗೆ 361 ರನ್ ಬೇಕಿದ್ದ ಭಾರತ 8 ವಿಕೆಟ್‌ಗೆ 355 ರನ್ ಗಳಿಸಿದ್ದಾಗ ಆಟದ ವೇಳೆ ಮುಗಿಯಿತು. ಆರೇ ಆರು ರನ್‌ಗಳಿಂದ ಜಯ ಕೈತಪ್ಪಿತು. ಬ್ಯಾನರ್ಜಿಯವರ ಟೆಸ್ಟ್ ಜೀವನವೂ ಅಲ್ಲಿಗೇ ಮುಗಿಯಿತು.

ಒಳ್ಳೆಯ ಬೌಲರ್‌ಗೆ ಒಂದೇ ಟೆಸ್ಟ್ ಏಕೆ? ಉತ್ತರ ಸಿಗಬೇಕಾದರೆ 1936ಕ್ಕೆ ಹೋಗಬೇಕು.

ಆ ವರ್ಷ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ 24ರ ಬ್ಯಾನರ್ಜಿ ಇದ್ದರು. ಆದರೆ ಅವರ ಮುಂದೆ ಮಹಮ್ಮದ್ ನಿಸಾರ್ ಮತ್ತು ಅಮರ್ ಸಿಂಗ್ ಎಂಬ ಇಬ್ಬರು ಘಟಾನುಘಟಿಗಳಿದ್ದರು. ಸಾಲದ್ದಕ್ಕೆ ನಾಯಕ ವಿಜಯನಗರಂ ಮಹಾರಾಜಕುಮಾರರ ತಂಡದಲ್ಲಿ ಒಳಜಗಳ. ಓವಲ್ ಟೆಸ್ಟಿಗೆ ಬ್ಯಾನರ್ಜಿ ಬದಲು ಬಾಕಾ ಜಿಲಾನಿ ಆಯ್ಕೆಯಾದರು. ಬೆಳಗಿನ ಉಪಾಹಾರದ ವೇಳೆ ಸಿ.ಕೆ. ನಾಯುಡು ಅವರನ್ನು ಎಲ್ಲರೆದುರು ಅವಮಾನಿಸಿದ್ದಕ್ಕೆ ಜಿಲಾನಿಗೆ ಸಿಕ್ಕ ಬಹುಮಾನ ಅದು ಎಂಬ ಮಾತು ಕ್ರಿಕೆಟ್ ಲೋಕದಲ್ಲಿ ಇಂದಿಗೂ ಉಳಿದಿದೆ. ಜಿಲಾನಿಗೆ ವಿಕೆಟ್ ಸಿಗಲಿಲ್ಲ. ಅವರಿಗೂ ಅದೊಂದೇ ಟೆಸ್ಟ್.

ಆಮೇಲೆ ಮಹಾಯುದ್ಧ ಬಂತು. 1936ರ ಆಗಸ್ಟ್‌ನಿಂದ 1946ರ ಜೂನ್‌ವರೆಗೆ ಭಾರತ ಒಂದೂ ಅಧಿಕೃತ ಟೆಸ್ಟ್ ಆಡಲಿಲ್ಲ. ವೇಗದ ಬೌಲರ್‌ಗೆ 24ರಿಂದ 34 ಎಂದರೆ ಮೈಯಲ್ಲಿ ಕಸುವಿರುವ ಕಾಲ. ಬ್ಯಾನರ್ಜಿಯವರ ಆ ಹತ್ತು ವರ್ಷಗಳು ದೇಶೀಯ ಪಂದ್ಯಗಳಲ್ಲೇ ಕಳೆದುಹೋದವು.

1946ರಲ್ಲಿ ಮತ್ತೆ ಇಂಗ್ಲೆಂಡ್ ಪ್ರವಾಸ. ಮೇ ತಿಂಗಳಲ್ಲಿ ಓವಲ್‌ನಲ್ಲಿ ಸರ್ರೆ ವಿರುದ್ಧ ಭಾರತ 205ಕ್ಕೆ 9 ವಿಕೆಟ್ ಕಳೆದುಕೊಂಡಿತ್ತು. ಚಂದು ಸರ್ವಟೆಯ ಜೊತೆಗೂಡಲು ಕೊನೆಯವರಾಗಿ ಬಂದವರು ಬ್ಯಾನರ್ಜಿ. ಇಬ್ಬರೂ ಸೇರಿ 249 ರನ್ ಪೇರಿಸಿದರು. ಸರ್ವಟೆ ಔಟಾಗದೆ 124, ಬ್ಯಾನರ್ಜಿ 121. ಹತ್ತು ಮತ್ತು ಹನ್ನೊಂದನೆಯ ಕ್ರಮಾಂಕದ ಇಬ್ಬರೂ ಒಂದೇ ಇನಿಂಗ್ಸ್‌ನಲ್ಲಿ ಶತಕ ಬಾರಿಸಿದ ಅಪೂರ್ವ ದಾಖಲೆ ಅದು. ವಿಪರ್ಯಾಸ ನೋಡಿ, ಬೌಲರ್ ದಾಖಲೆ ಪುಸ್ತಕ ಸೇರಿದ್ದು ಬ್ಯಾಟಿನಿಂದ! ಹಾಗಿದ್ದೂ ಆ ಸರಣಿಯ ಮೂರು ಟೆಸ್ಟ್‌ಗಳಲ್ಲಿ ಒಂದರಲ್ಲೂ ಅವರಿಗೆ ಅವಕಾಶ ದೊರೆಯಲಿಲ್ಲ.

ಕೊನೆಗೂ ಬಾಗಿಲು ತೆರೆದದ್ದು ಮುಂಬಯಿಯಲ್ಲಿ. ಆದರೆ ಅದರ ನಂತರ ಭಾರತದ ಮುಂದಿನ ಟೆಸ್ಟ್ ನಡೆದದ್ದು 1951ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಬ್ಯಾನರ್ಜಿಗೆ 40 ತುಂಬಿತ್ತು.

ಬಂಗಾಳ, ನವಾನಗರ, ಬಿಹಾರ ತಂಡಗಳಿಗೆ ಆಡಿದ ಅವರು ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 380ಕ್ಕೂ ಹೆಚ್ಚು ವಿಕೆಟ್ ಉರುಳಿಸಿದರು. 1980ರಲ್ಲಿ ಕಲ್ಕತ್ತದಲ್ಲಿ ನಿಧನರಾದರು. ಒಂದು ಟೆಸ್ಟ್, ಐದು ವಿಕೆಟ್, ಸರಾಸರಿ 25.40: ಅಂಕಿಅಂಶದ ಪುಟದಲ್ಲಿ ಅವರಿಗೆ ಸಿಕ್ಕಿರುವುದು ಇಷ್ಟೇ ಜಾಗ. ಆಟಗಾರ ಎಷ್ಟು ಟೆಸ್ಟ್ ಆಡಿದ ಎಂಬುದನ್ನು ಆ ಪುಟ ಹೇಳುತ್ತದೆ. ಎಷ್ಟು ವರ್ಷ ಕಾದ ಎಂಬ ಲೆಕ್ಕಕ್ಕೆ ಅಲ್ಲಿ ಅಂಕಣವಿಲ್ಲ.