ಗೂಫಿ ಮೇಷ್ಟ್ರು, ತುಂಟ ಮಕ್ಕಳು

ಮೇಷ್ಟ್ರು ಬೋರ್ಡಿನತ್ತ ತಿರುಗಿದರೆ ಸಾಕು, ಹಿಂದಿನ ಬೆಂಚಿಗೆ ಜೀವ ಬರುತ್ತದೆ. ಇದನ್ನೇ ಬಂಡವಾಳ ಮಾಡಿಕೊಂಡು ನಗಿಸಿದ ಚಿತ್ರ, ವಾಲ್ಟ್ ಡಿಸ್ನಿ ಸಂಸ್ಥೆಯ ‘ಟೀಚರ್ಸ್ ಆರ್ ಪೀಪಲ್’. 1952ರಲ್ಲಿ ತೆರೆ ಕಂಡ, ಕೆಲವೇ ನಿಮಿಷಗಳ ಈ ಕಾರ್ಟೂನಿನ ನಿರ್ದೇಶಕ ಜ್ಯಾಕ್ ಕಿನ್ನಿ. ಇಲ್ಲಿ ಮೇಷ್ಟ್ರಾಗಿ ಬರುವಾತ ನಾಯಿಮೋರೆಯ ಪೆದ್ದ ಗೂಫಿ. ಅವನ ತಾಳ್ಮೆ ಪರೀಕ್ಷಿಸುವವನು ಜಾರ್ಜ್ ಎಂಬ ಪೋರ. ಕೊನೆಗೆ ಶಾಲೆಯೇ ಸ್ಫೋಟಗೊಳ್ಳುತ್ತದೆ. ಇನ್ನು ಶಾಲೆಗೆ ಬಾಂಬ್ ಇಡುವುದಿಲ್ಲವೆಂದು ಜಾರ್ಜ್ ಮತ್ತೆ ಮತ್ತೆ ಬರೆಯಬೇಕಾಗುತ್ತದೆ!

ಈ ನಗುವಿನ ಹಿಂದೆ ಕಾಲದ ನೆರಳಿದೆ. ಎರಡನೇ ಮಹಾಯುದ್ಧದ ನಂತರ, 1946ರಿಂದ, ಅಮೆರಿಕದಲ್ಲಿ ಜನನ ಪ್ರಮಾಣ ಒಮ್ಮೆಲೇ ಏರಿತು. ಆ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು ಇದೇ ಹೊತ್ತಿಗೆ. ತರಗತಿಗಳು ಕಿಕ್ಕಿರಿದವು, ಶಿಕ್ಷಕರು ಸಾಲದಾದರು. ಸಾಲದ್ದಕ್ಕೆ ಅಣುಬಾಂಬಿನ ಭಯ. ಬಾಂಬ್ ಬಿದ್ದರೆ ಡೆಸ್ಕಿನಡಿ ಅವಿತುಕೊಳ್ಳುವ ಅಭ್ಯಾಸ ಶಾಲೆಗಳಲ್ಲಿ ನಡೆಯುತ್ತಿತ್ತು. ಅದನ್ನು ಕಲಿಸಲು ಸರ್ಕಾರ ತಯಾರಿಸಿದ ‘ಡಕ್ ಅಂಡ್ ಕವರ್’ ಚಿತ್ರದಲ್ಲಿ ಇದ್ದದ್ದೂ ಬರ್ಟ್ ಎಂಬ ಕಾರ್ಟೂನ್ ಆಮೆ.

ಬಾಂಬಿನ ಹೆಸರಲ್ಲಿ ಒಂದು ಕಾರ್ಟೂನು ನಗಿಸಿತು, ಇನ್ನೊಂದು ಎಚ್ಚರಿಸಿತು. ಮಕ್ಕಳ ತುಂಟತನ, ತಮ್ಮ ಭಯ ಎರಡನ್ನೂ ನುಂಗಿಕೊಂಡು ಮರುದಿನ ಮತ್ತೆ ಹಾಜರಿ ಕೂಗಬೇಕಾದವರು ಮಾತ್ರ ಶಿಕ್ಷಕರೇ. ಗೂಫಿ ಚಿತ್ರದ ಹೆಸರಿನ ಅರ್ಥವೂ ಅದೇ: ಮೇಷ್ಟ್ರೂ ಮನುಷ್ಯರೇ.