ಶಿಶುಗಳ ತೀವ್ರ ಅಪಸ್ಮಾರ: ಎಸ್‌ಟಿಎಕ್ಸ್‌ಬಿಪಿ1 ಎಂಬ ಅಪರೂಪದ ಕಾಯಿಲೆ

ಹುಟ್ಟಿದ ಕೆಲವೇ ದಿನ ಅಥವಾ ತಿಂಗಳಲ್ಲಿ ಮಗುವಿಗೆ ಫಿಟ್ಸ್ ಬರತೊಡಗಿ, ಔಷಧಿಗೂ ಹತೋಟಿಗೆ ಬಾರದಿದ್ದರೆ ಅದರ ಹಿಂದೆ ವಂಶವಾಹಿಯ ದೋಷವಿರಬಹುದು. ಅಂತಹ ವಂಶವಾಹಿಗಳಲ್ಲಿ ಒಂದು ಎಸ್‌ಟಿಎಕ್ಸ್‌ಬಿಪಿ1. ಇದಕ್ಕೂ ಶಿಶುಗಳ ತೀವ್ರ ಅಪಸ್ಮಾರಕ್ಕೂ ಇರುವ ನಂಟನ್ನು 2008ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದರು. ಸುಮಾರು 30,000 ಶಿಶುಗಳಲ್ಲಿ ಒಂದಕ್ಕೆ ಈ ಕಾಯಿಲೆ ಇರುತ್ತದೆಂಬ ಅಂದಾಜಿದೆ.

ಕಾರಣವೇನು?
ಎರಡು ನರಕೋಶಗಳು ಸಂಧಿಸುವ ಜಾಗವೇ ಸಿನಾಪ್ಸ್. ಒಂದು ನರಕೋಶ ಅಲ್ಲಿ ರಾಸಾಯನಿಕವನ್ನು ಬಿಡುಗಡೆ ಮಾಡಿ ಇನ್ನೊಂದಕ್ಕೆ ಸಂದೇಶ ಮುಟ್ಟಿಸುತ್ತದೆ. ಈ ಬಿಡುಗಡೆಗೆ ಬೇಕಾದ ಪ್ರೋಟೀನನ್ನು ತಯಾರಿಸುವುದು 9ನೇ ವರ್ಣತಂತುವಿನಲ್ಲಿರುವ ಈ ವಂಶವಾಹಿ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಪ್ರೋಟೀನ್ ಸಾಲದಾಗಿ, ಮೆದುಳಿನ ಸಂದೇಶಗಳ ಸಮತೋಲನ ತಪ್ಪುತ್ತದೆ.

ಲಕ್ಷಣಗಳು
ಮಗು ಬೆಚ್ಚಿದಂತೆ ಮತ್ತೆ ಮತ್ತೆ ಮೈ ಮುದುಡಿಕೊಳ್ಳುವುದೂ ಫಿಟ್ಸ್ ಆಗಿರಬಹುದು. ಮೈ ಸಡಿಲವಾಗಿರುವುದು, ಕತ್ತು ನಿಲ್ಲುವುದು, ನಡಿಗೆ, ಮಾತು ತಡವಾಗುವುದು, ಕೈನಡುಕ ಇತರ ಲಕ್ಷಣಗಳು. ಕೆಲವು ಮಕ್ಕಳಿಗೆ ಫಿಟ್ಸ್ ಬಾರದೆಯೂ ಇರಬಹುದು.

ತಾಯಿಯ ತಪ್ಪಲ್ಲ
ಬಹುಪಾಲು ಮಕ್ಕಳಲ್ಲಿ ಈ ದೋಷ ತಂದೆತಾಯಿಯಿಂದ ಬಂದದ್ದಲ್ಲ, ಹೊಸದಾಗಿ ಉಂಟಾದದ್ದು. ಗರ್ಭಿಣಿಯ ಆಹಾರವಾಗಲಿ, ಗ್ರಹಣವಾಗಲಿ ಕಾರಣವಲ್ಲ. ಸೊಸೆಯನ್ನು ದೂಷಿಸುವುದರಲ್ಲಿ ಅರ್ಥವಿಲ್ಲ. ಮುಂದಿನ ಮಗುವಿಗೂ ಬರುವ ಸಂಭವ ತೀರಾ ಕಡಿಮೆ. ಆದರೂ ಮೊದಲೇ ವಂಶವಾಹಿ ತಜ್ಞರನ್ನು ಕಾಣುವುದು ಒಳ್ಳೆಯದು.

ಪರೀಕ್ಷೆ ಮತ್ತು ಚಿಕಿತ್ಸೆ
ಇಇಜಿ, ಎಂಆರ್‌ಐ ನಂತರ ರಕ್ತದ ವಂಶವಾಹಿ ಪರೀಕ್ಷೆಯಿಂದ ಕಾಯಿಲೆ ಖಚಿತವಾಗುತ್ತದೆ. ಪೂರ್ಣ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ಔಷಧಿಗಳಿಂದ ಫಿಟ್ಸ್ ಹತೋಟಿ, ಫಿಸಿಯೋಥೆರಪಿ ಹಾಗೂ ಮಾತಿನ ತರಬೇತಿ ಬೇಕಾಗುತ್ತವೆ. ಕೆಲವರಿಗೆ ವೈದ್ಯರು ಕೊಬ್ಬು ಹೆಚ್ಚಿರುವ ಕೀಟೋಜೆನಿಕ್ ಆಹಾರ ಸೂಚಿಸುತ್ತಾರೆ. ತುಪ್ಪ, ಕೆನೆ, ಪನೀರ್, ಕೊಬ್ಬರಿ ಎಣ್ಣೆ ಬಳಸಿ ಇದನ್ನು ಸಸ್ಯಾಹಾರದಲ್ಲೇ ರೂಪಿಸಬಹುದು. ಆದರೆ ತಾವಾಗಿಯೇ ಆರಂಭಿಸಬಾರದು. ಸೂರ್ಯಾಸ್ತದ ನಂತರ ಆಹಾರ ಸೇವಿಸದ ಮನೆಗಳಲ್ಲೂ ಮಗುವಿನ ರಾತ್ರಿಯ ಔಷಧಿ ತಪ್ಪಬಾರದು. ವೇಳೆ ಬದಲಿಸಬೇಕಿದ್ದರೆ ವೈದ್ಯರನ್ನು ಕೇಳಬೇಕು.

ಫಿಟ್ಸ್ ಬಂದಾಗ
ಮಗುವನ್ನು ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿಕೊಳ್ಳಿ. ಬಾಯಿಗೆ ನೀರು, ಚಮಚ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ ಫಿಟ್ಸ್ ನಿಲ್ಲುವುದಿಲ್ಲ. 5 ನಿಮಿಷ ಮೀರಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ನೆರವು
ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಅಪಸ್ಮಾರಕ್ಕೆ ತಜ್ಞ ಚಿಕಿತ್ಸೆ ದೊರೆಯುತ್ತದೆ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಡಿ 1 ಲಕ್ಷ ರೂ. ವರೆಗೆ ಆರೋಗ್ಯ ವಿಮೆಯಿದೆ. ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿಕೊಂಡಿರಬೇಕು.