ನಿಮಗಿದು ಗೊತ್ತೆ? ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಅಧ್ಯಕ್ಷೆ ಗಡಿಯಾಚೆಯವರು!

ಶಿರೋಳ, ಗಡಹಿಂಗ್ಲಜ, ಜತ್ತ, ಅಕ್ಕಲಕೋಟ, ಸೊಲ್ಲಾಪುರ... ಮಹಾರಾಷ್ಟ್ರದ ಈ ಗಡಿಪಟ್ಟಿಯಲ್ಲಿ ಮನೆಮಾತು ಕನ್ನಡ, ಶಾಲೆಯ ಪಾಠ ಮರಾಠಿ ಎನ್ನುವ ಮನೆಗಳು ಎಷ್ಟೋ ಇವೆ. ಅಂಥ ಮನೆಯವರೇ 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆ. ಓದಿದ್ದು ಮರಾಠಿಯಲ್ಲಿ, ಕನ್ನಡದ ಓದುಬರಹವನ್ನು ಆಮೇಲೆ ಸ್ವಂತ ಹಟದಿಂದ ಕಲಿತರು. ವಚನಗಳನ್ನು ಮರಾಠಿಗರಿಗೂ ಮುಟ್ಟಿಸಿದರು.

ತಮ್ಮೂರಿನ ಆರಾಧ್ಯದೈವ ಸಿದ್ಧರಾಮನ ಪುರಾಣ ಬರೆಯಲು ಅವರು ಆರಿಸಿಕೊಂಡದ್ದು ಪಂಡಿತರ ಷಟ್ಪದಿಯನ್ನಲ್ಲ, ಹೆಂಗಸರು ಬೀಸುಕಲ್ಲಿನ ಮುಂದೆ ಕೂತು ಹಾಡುವ ತ್ರಿಪದಿಯನ್ನು. ದೊಡ್ಡ ಧೈರ್ಯವೇ ಸರಿ!

1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷೆಯೂ ಇವರೇ, 1974, ಮಂಡ್ಯ. ಎರಡನೆಯವರಾದ ಶಾಂತಾದೇವಿ ಮಾಳವಾಡರು ಆ ಪೀಠವೇರಿದ್ದು 2000ದಲ್ಲಿ, ಬಾಗಲಕೋಟೆಯಲ್ಲಿ.